ಹೆಡ್‌ಸೆಟ್ ಇಲ್ಲದೆ ಎಂಆರ್ ಆ್ಯಪ್ ಶುರು ಮಾಡಬಹುದಾ? ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ ಪ್ರಶ್ನೆ:

ನಾನು ಇಂಜಿನಿಯರಿಂಗ್ ಕೊನೇ ವರ್ಷ. ಸ್ಮಾರ್ಟ್ ಗ್ಲಾಸ್ ಹಾಕಿಕೊಂಡು ಅಡಿಕೆ ತೋಟದಲ್ಲಿ ನಡೆದರೆ ಮರದ ಪಕ್ಕದಲ್ಲೇ "ಇದಕ್ಕೆ ಕೊಳೆರೋಗ, ಮದ್ದು ಬಿಡಿ" ಅಂತ ಕನ್ನಡದಲ್ಲಿ ಕಾಣಬೇಕು. ಕಣ್ಣಮುಂದಿನ ನೋಟದ ಮೇಲೇ ಬರಹ ತೋರಿಸುವ ಅಂಥ ಎಂಆರ್ (ಮಿಕ್ಸೆಡ್ ರಿಯಾಲಿಟಿ) ಆ್ಯಪ್ ಮಾಡುವ ಆಸೆ. ಸಾಲ ಮಾಡಿ ಹೆಡ್‌ಸೆಟ್ ತೆಗೆದುಕೊಳ್ಳಲಾ? 3ಡಿ ಆ್ಯಪ್ ಕಟ್ಟುವ ಯುನಿಟಿ ಸಾಫ್ಟ್‌ವೇರ್ ಕಲಿಯಲಾ?

ಕುಂಬಳೆಯಿಂದ:

ಸಾಲ ಬೇಡ. ಮೊದಲ ಎರಡು ತಿಂಗಳು ನಿಮ್ಮ ಆಂಡ್ರಾಯ್ಡ್ ಫೋನ್ ಸಾಕು. ಬ್ರೌಸರ್‌ನಲ್ಲಿ 3ಡಿ ಚಿತ್ರ ತೋರಿಸುವ ತ್ರೀ ಜೆಎಸ್, ಮತ್ತು ವೆಬ್ ಪೇಜಿನಿಂದಲೇ ಎಂಆರ್ ನಡೆಸುವ ವೆಬ್‌ಎಕ್ಸ್‌ಆರ್ ಕಲಿಯಿರಿ. ಎಆರ್‌ಕೋರ್ ಎಂಬ ಗೂಗಲ್‌ನ ಸೌಲಭ್ಯ ಇರುವ ಫೋನಿನ ಕ್ರೋಮ್‌ನಲ್ಲಿ ಅದು ಓಡುತ್ತದೆ. ಮುಂದೆ ಯಾರದಾದರೂ ಕ್ವೆಸ್ಟ್ 3 (ಮೆಟಾ ಕಂಪನಿಯ ಹೆಡ್‌ಸೆಟ್) ಸಿಕ್ಕಿದರೆ ಅದರ ಬ್ರೌಸರ್‌ನಲ್ಲೂ ಅದೇ ಪೇಜ್ ತೆರೆಯಬಹುದು. ಪೇಜ್ ಎಚ್‌ಟಿಟಿಪಿಎಸ್‌ನಲ್ಲಿ ಇರಬೇಕು, ಇಲ್ಲದಿದ್ದರೆ ವೆಬ್‌ಎಕ್ಸ್‌ಆರ್ ಶುರುವೇ ಆಗುವುದಿಲ್ಲ. ನಾನು ಇದು ಗೊತ್ತಿಲ್ಲದೆ ಒಂದು ಇಡೀ ರಾತ್ರಿ ಕೂತಿದ್ದೆ.

ಯುನಿಟಿ ಆಮೇಲೆ ಕಲಿತರೂ ಹಲವು ಕಂಪನಿಗಳ ಹೆಡ್‌ಸೆಟ್‌ಗೆ ಹೊಂದುವ ಓಪನ್‌ಎಕ್ಸ್‌ಆರ್ ಮೇಲೇ ಕಟ್ಟಿ, ಒಂದೇ ಕಂಪನಿಯ ಕಿಟ್‌ಗೆ ಪೂರ್ತಿ ಅಂಟಿಕೊಳ್ಳಬೇಡಿ. ಮೈಕ್ರೋಸಾಫ್ಟ್‌ನ ಹೊಲೋಲೆನ್ಸ್ 2 ಹೆಡ್‌ಸೆಟ್ ಬಂದದ್ದು 2019ರಲ್ಲಿ, 2024ರಲ್ಲಿ ಅದರ ತಯಾರಿಯೇ ನಿಂತಿತು. ಅದನ್ನೇ ನಂಬಿ ಬರೆದ ಕೋಡ್ ಎಷ್ಟು ಜನರ ಹತ್ತಿರ ಸುಮ್ನೆ ಬಿದ್ದಿದೆಯೋ.

ಈಗ ಮುಖ್ಯ ವಿಷಯ, ಕನ್ನಡ ಅಕ್ಷರ. ದುಬೈಯಿಂದ ಭಾವ ರಜೆಗೆ ಬರುವಾಗ ಕ್ವೆಸ್ಟ್ 3 ತಂದುಕೊಟ್ಟರು. ಯುನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ "ಮೈಲುತುತ್ತು" ಅಂತ ಬರೆದು ಅಪ್ಪನಿಗೆ ಹಾಕಿ ತೋರಿಸಿದೆ. ಕಂಡದ್ದು "ಮೈಲುತುತ್‌ತು". ಒತ್ತು ಕೆಳಗೆ ಬರದೆ ಪಕ್ಕದಲ್ಲಿ ಪೂರ್ತಿ ಅಕ್ಷರವಾಗಿ ನಿಂತಿತ್ತು. ಫಾಂಟ್ ಬದಲಿಸಿದರೂ ಸರಿಯಾಗಲಿಲ್ಲ, ಯಾಕೆಂದರೆ ತಪ್ಪು ಫಾಂಟಿನದ್ದಲ್ಲ, ಅಕ್ಷರಗಳನ್ನು ಕೂಡಿಸುವ ಶೇಪಿಂಗ್ ಕೆಲಸವನ್ನೇ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಲಿಪಿಗಳಿಗೆ ಮಾಡುವುದಿಲ್ಲ. ಬ್ರೌಸರ್ ಮಾಡುತ್ತದೆ. ಅದಕ್ಕೇ ವೆಬ್‌ಎಕ್ಸ್‌ಆರ್ ಅಂದದ್ದು. ನೋಟೋ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಬ್ರೌಸರ್‌ನ ಕ್ಯಾನ್ವಾಸ್ (ಚಿತ್ರ ಬರೆಯುವ ಜಾಗ) ಮೇಲೆ ಬರೆಸಿ, ಆ ಚಿತ್ರವನ್ನು 3ಡಿ ಫಲಕಕ್ಕೆ ಟೆಕ್ಸ್ಚರ್ ಆಗಿ ಹಚ್ಚಿದರೆ ಒತ್ತಕ್ಷರ ಸರಿಯಾಗಿ ಬರುತ್ತದೆ. ಯುನಿಟಿಯಲ್ಲೇ ಮಾಡಬೇಕಾದರೆ ಬರಹವನ್ನು ಮೊದಲೇ ಚಿತ್ರ ಮಾಡಿಟ್ಟುಕೊಳ್ಳಿ. ಮತ್ತೆ ಇಂಗ್ಲಿಷ್‌ಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ಒತ್ತು ಚಿಕ್ಕದಲ್ವಾ, ಅದು ಮಸುಕಾಗುತ್ತದೆ. ನಾನು ಸುಮಾರು ಒಂದೂವರೆ ಪಟ್ಟು ದೊಡ್ಡದು ಮಾಡಿ, ಕಣ್ಣಿನಿಂದ ಒಂದೂವರೆ ಮೀಟರ್ ದೂರದಲ್ಲಿ ಇಡುತ್ತೇನೆ. ತೀರಾ ಹತ್ತಿರ ಇಟ್ಟರೆ ಕಣ್ಣು ದಣಿಯುತ್ತದೆ.

ನಿಮ್ಮ ಐಡಿಯಾದ ಬಗ್ಗೆಯೂ ಒಂದು ಮಾತು. ಕೊಳೆರೋಗ ಕಾಣುವುದು ಮೇಲೆ ಗೊನೆಯಲ್ಲಿ. ಕೆಳಗೆ ನಿಂತ ಹೆಡ್‌ಸೆಟ್ ಕ್ಯಾಮೆರಾಕ್ಕೆ ಅಷ್ಟು ಎತ್ತರದ ಕಾಯಿಯ ಕಲೆ ಸಿಗುವುದು ಕಷ್ಟ. ಕ್ವೆಸ್ಟ್‌ನಲ್ಲಿ ಕ್ಯಾಮೆರಾ ಚಿತ್ರವನ್ನು ಡೆವಲಪರ್‌ಗಳ ಕೈಗೆ ಕೊಡಲು ಶುರು ಮಾಡಿದ್ದೇ 2025ರಲ್ಲಿ. ಜೊತೆಗೆ ಕ್ವೆಸ್ಟ್ ಮನೆಯೊಳಗೆ ಬಳಸಲು ಮಾಡಿದ ವಸ್ತು. ತೋಟದಲ್ಲಿ ಎಲ್ಲ ಕಡೆ ಒಂದೇ ತರದ ಮರ, ಮೇಲಿಂದ ಅಲ್ಲಾಡುವ ನೆರಳು. ನಾನಿಟ್ಟ ಲೇಬಲ್ ಹತ್ತು ನಿಮಿಷದಲ್ಲಿ ಪಕ್ಕದ ಮರಕ್ಕೆ ಹೋಗಿತ್ತು. ಅದಕ್ಕಿಂತ ಕೊಳೆರೋಗದ ಮದ್ದಾದ ಬೋರ್ಡೋ ದ್ರಾವಣ ಕಲಸುವುದನ್ನು ಹೇಳಿಕೊಡುವ ಆ್ಯಪ್ ಮಾಡಿ. ಒಂದು ಕಿಲೋ ಮೈಲುತುತ್ತು ಐವತ್ತು ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು ಐವತ್ತು ಲೀಟರಿಗೆ, ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಸಬೇಕು. ಎರಡೂ ಕೈಗೆ ಕೆಲಸ, ಫೋನ್ ಮುಟ್ಟಲು ಆಗುವುದಿಲ್ಲ. ಕಣ್ಣಮುಂದೆ ಒಂದೊಂದೇ ಹಂತ ಬಂದರೆ ನಿಜಕ್ಕೂ ಉಪಕಾರ. ಅಳತೆಯನ್ನು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರಿಂದ ಒಮ್ಮೆ ನೋಡಿಸಿಕೊಳ್ಳಿ.

ಮಂಜೇಶ್ವರದಿಂದ:

ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಇದಕ್ಕೆ ಪರದೆಯೇ ಬೇಕಾಗಿಲ್ಲ ಅಂತ ನನಗೆ ಅನಿಸುತ್ತದೆ. 2023ರಲ್ಲಿ ಬಂದ ರೇಬಾನ್ ಮೆಟಾ ಕನ್ನಡಕದಲ್ಲಿ ಪರದೆ ಇಲ್ಲ, ಆದರೆ ಸ್ಪೀಕರ್ ಇದೆ. ಬ್ಲೂಟೂತ್ ಇಯರ್‌ಫೋನ್ ಹಾಗೆ ಫೋನಿಗೆ ಸೇರುತ್ತದೆ. "ಈಗ ಸುಣ್ಣದ ನೀರು" ಅಂತ ಫೋನ್ ಕನ್ನಡದಲ್ಲಿ ಹೇಳಿದರೆ ಕಿವಿಗೆ ಕೇಳುತ್ತದೆ. ಕ್ವೆಸ್ಟ್ 3 ತೂಕ 515 ಗ್ರಾಂ, ನಮ್ಮ ಸೆಕೆಗೆ ಅರ್ಧ ಗಂಟೆಯಲ್ಲಿ ಮುಖವೆಲ್ಲ ಬೆವರು.

ನಾನು ಶಾಲೆ ಮಕ್ಕಳಿಗೆ ಬೇಕಲ ಕೋಟೆಯ ಒಂದು ಮಾದರಿ ಮಾಡಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿತ್ತು. ಹೆಡ್‌ಸೆಟ್‌ನಲ್ಲಿ ತಡವರಿಸಿತು, ಇಬ್ಬರಿಗೆ ತಲೆ ತಿರುಗಿತು. ಹೆಡ್‌ಸೆಟ್‌ನಲ್ಲಿ ಸೆಕೆಂಡಿಗೆ 72 ಫ್ರೇಮ್ (ಚಿತ್ರ) ಅಂದರೆ ಒಂದೊಂದು ಫ್ರೇಮ್‌ಗೆ ಸಿಗುವುದು 14 ಮಿಲಿಸೆಕೆಂಡ್ ಕೂಡ ಅಲ್ಲ. ಗಿಡಗಳ ಪಾರದರ್ಶಕ ಎಲೆಗಳನ್ನು ತೆಗೆದ ಮೇಲೆ ಸರಿಯಾಯಿತು. ನೋಡುವವರನ್ನು ನೀವಾಗಿ ಜಾರಿಸಿಕೊಂಡು ಹೋಗಬೇಡಿ, ಅವರೇ ನಡೆಯಲಿ. ಹೆಡ್‌ಸೆಟ್ಟನ್ನು ಬಿಸಿಲಿಗೆ ಲೆನ್ಸ್ ಮೇಲ್ಮುಖ ಮಾಡಿ ಇಡಲೇಬೇಡಿ. ಭೂತಗನ್ನಡಿಯ ಹಾಗೆ ಒಳಗಿನ ಪರದೆ ಸುಟ್ಟುಹೋಗುತ್ತದೆ.

ಬದಿಯಡ್ಕದಿಂದ:

ತುಂಬ ಉಪಕಾರ. ಬೋರ್ಡೋ ಆ್ಯಪ್ಪೇ ಮಾಡುತ್ತೇನೆ. ಧ್ವನಿ ಮೊದಲು, ಪರದೆ ಆಮೇಲೆ. ನಮ್ಮಲ್ಲಿ ಕೆಲಸಕ್ಕೆ ಬರುವವರಲ್ಲಿ ಇಬ್ಬರಿಗೆ ಮಲಯಾಳ ಮಾತ್ರ ಬರುತ್ತದೆ, ಅದನ್ನೂ ಸೇರಿಸುತ್ತೇನೆ.

ಕುಂಬಳೆಯಿಂದ:

ಒಳ್ಳೆಯದು. ಒತ್ತಕ್ಷರ ಜಾಸ್ತಿ ಇರುವ ಹತ್ತು ಲೇಬಲ್ ಮಾಡಿಕೊಂಡು ಯಾವುದಾದರೂ ಭಾನುವಾರ ಬನ್ನಿ, ನನ್ನ ಹೆಡ್‌ಸೆಟ್‌ನಲ್ಲೇ ಹಾಕಿ ನೋಡೋಣ. ಅಪ್ಪ ಓದಿ ಹೇಳುತ್ತಾರೆ.