ಪದಚರ್ಚೆ: ‘ಸ್ಲಾಪ್’ಗೆ ಇವತ್ತು ರಾತ್ರಿಯೊಳಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಕೈಯಲ್ಲಿ ಒಂದು ಅನುವಾದ ಇದೆ, ಇವತ್ತು ರಾತ್ರಿ ಕಳಿಸಲೇಬೇಕು. ಒಂದು ವರ್ಷದ ತಂತ್ರಜ್ಞಾನ ಸುದ್ದಿಗಳನ್ನು ಹಿಡಿದು ಬರೆದ ಲಘುಬರಹ. ತಲೆಬರಹದಲ್ಲೇ ‘ಸ್ಲಾಪ್’ ಇದೆ, ಒಳಗೆ ಇನ್ನೂ ಹನ್ನೊಂದು ಕಡೆ ಬರುತ್ತದೆ. ಎಐ ಬಳಸಿ ರಾಶಿ ರಾಶಿ ಮಾಡಿ ಸುರಿಯುವ ಚಿತ್ರ, ವಿಡಿಯೊ, ಬರಹ ಇವೆಯಲ್ಲ, ಯಾರೂ ಕೇಳದೆ ಇದ್ದರೂ ಕಣ್ಣಮುಂದೆ ಬಂದು ಬೀಳುವಂಥವು, ಅಷ್ಟಕ್ಕೂ ಸೇರಿ ಇಂಗ್ಲಿಷಿನವರು ಇಟ್ಟುಕೊಂಡಿರುವ ಹೆಸರು. 2024ರಲ್ಲಿ ಎಲ್ಲರ ಬಾಯಿಗೆ ಬಂತು, 2025ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಪದ ಅಂತ ಆರಿಸಿದರು.

ನಾನು ಸಿಕ್ಕಿಕೊಂಡಿರುವ ಜಾಗ ಇದು: “ಕಳಿಸುವವನು ಒಂದು ಸಾಲು ಕೊಟ್ಟು ಯಂತ್ರದಿಂದ ಒಂದು ಪುಟ ಬರೆಸುತ್ತಾನೆ. ಓದುವವನು ಆ ಪುಟವನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟು ಒಂದು ಸಾಲು ಮಾಡಿಸಿಕೊಳ್ಳುತ್ತಾನೆ. ನಡುವೆ ಇದ್ದದ್ದೆಲ್ಲ ______.” ಈ ಖಾಲಿ ಜಾಗದಲ್ಲಿ ಓದುಗ ನಗಬೇಕು.

‘ಕಸ’ ಹಾಕಿ ನೋಡಿದೆ. ಸ್ಪ್ಯಾಮ್ ಕೂಡ ಕಸವೇ, ವ್ಯತ್ಯಾಸ ಉಳಿಯಲಿಲ್ಲ. ‘ಎಐ ತ್ಯಾಜ್ಯ’ ಅಂದರೆ ಇ-ತ್ಯಾಜ್ಯದ ನೆನಪಾಗಿ ಹಳೆಯ ಮೊಬೈಲು, ಬ್ಯಾಟರಿ ಕಣ್ಣಿಗೆ ಬರುತ್ತವೆ. ಚಿಕ್ಕ ಪದ ಬೇಕು, ತಾತ್ಸಾರ ಇರಬೇಕು, ಚಿತ್ರ-ಬರಹ-ವಿಡಿಯೊ ಮೂರರ ಹಿಂದೆಯೂ ಸೇರುವಂತಿರಬೇಕು. ದಯವಿಟ್ಟು ಬೇಗ ತಿಳಿಸಿ.

— ಎಸ್.ವಿ.

*

ಸ್ಲಾಪ್ ಎಂದೇ ಬರೆಯಿರಿ. ಮೀಮ್, ಟ್ರೋಲ್, ವೈರಲ್ ಯಾವುದಕ್ಕೂ ಯಾರೂ ಪದ ಕಟ್ಟಿಕೊಡಲಿಲ್ಲ, ಜನ ಬಳಸುತ್ತಿದ್ದಾರೆ. ಇದಕ್ಕೇಕೆ ಪರದಾಟ?

— ಜಿ.

*

ಜಿ. ಅವರಿಗೆ ಎಲ್ಲಕ್ಕೂ ಒಂದೇ ಮದ್ದು. ಇರಲಿ.

ಎಸ್.ವಿ. ಅವರೇ, ಮೊದಲು ಮೂಲ ನೋಡಿ. ಸ್ಲಾಪ್ ಎಂದರೆ ಹದಿನೆಂಟನೆಯ ಶತಮಾನದಲ್ಲಿ ಮೆತ್ತಗಿನ ಕೆಸರು, ಹತ್ತೊಂಬತ್ತರ ಹೊತ್ತಿಗೆ ಹಂದಿಗೆ ಸುರಿಯುವ ಉಳಿಕೆ. ಆ ಎರಡನೆಯ ಅರ್ಥಕ್ಕೆ ನಮ್ಮಲ್ಲಿ ಹೇಳಿ ಮಾಡಿಸಿದಂಥ ಪದ ಇದೆ: ಕಲಗಚ್ಚು. ಕಲ ಎಂದರೆ ಪಾತ್ರೆ. ಕರ್ಚು ಎಂದರೆ ಹಳಗನ್ನಡದಲ್ಲಿ ತೊಳೆ, ಕಾಲ್ಗರ್ಚು ಎಂಬಲ್ಲಿ ಇರುವುದೂ ಅದೇ. ಕಲಗರ್ಚು, ಕಲಗಚ್ಚು. ಪಾತ್ರೆ ತೊಳೆದ ನೀರು. ಸಾವಿರ ಜನರ ಬರಹವನ್ನು ಒಂದೇ ಬಾನಿಯಲ್ಲಿ ಕಲಸಿ ತೊಳೆದು ಸುರಿದದ್ದಕ್ಕೆ ಬೇರೆ ಏನು ಹೆಸರು ಬೇಕು? ಇಂಥ ಪದ ಮನೆಯಲ್ಲಿ ಕೂತಿರುವಾಗ ಹೊರಗೆ ಹುಡುಕುವುದು ಅಪರಾಧ.

— ಕೆ.ಆರ್.

*

ಕಲಗಚ್ಚು ಅಡುಗೆಮನೆಯ ಪದ. ಶಾಸ್ತ್ರೀಯವಾಗಿ ‘ಯಂತ್ರೋಚ್ಛಿಷ್ಟ’ ಎನ್ನಬಹುದು. ಯಂತ್ರದ ಎಂಜಲು ಎಂಬ ಅರ್ಥ ನೇರವಾಗಿ ಬರುತ್ತದೆ, ಸಂಧಿಯೂ ಶುದ್ಧ. ಇದೇ ಮಾದರಿಯಲ್ಲಿ ಕಟ್ಟಿದ ತಂತ್ರಾಂಶ, ಯಂತ್ರಾಂಶ ನಿಂತಿವೆ, ಇದೂ ನಿಲ್ಲುತ್ತದೆ.

— ವೇ.

*

ಯಂತ್ರೋಚ್ಛಿಷ್ಟ ಬೇಡ. ನಗಬೇಕಾದ ಜಾಗದಲ್ಲಿ ಓದುಗ ಉಸಿರು ಹಿಡಿದುಕೊಳ್ಳುತ್ತಾನೆ.

— ಜಿ.

*

ಎಸ್.ವಿ. ಮೇಡಂ, ನನ್ನ ಸಲಹೆ ಜೊಳ್ಳು. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಈ ಪದದ ವಿಷಯದಲ್ಲಿ ಅವಸರದ ತೀರ್ಮಾನ ಆದರೆ ಮುಂದೆ ಹತ್ತು ವರ್ಷ ಎಲ್ಲರೂ ಕಸ, ಕೊಳಕು, ಹೊಲಸು ಅಂತಲೇ ಬರೆಯುತ್ತಾರೆ. ನಿಘಂಟಿನ ಕೆಲಸ ಮಾಡುವವನಾಗಿ ಅದು ನನಗೆ ನಿಜಕ್ಕೂ ಸಂಕಟ.

ಮೇಷ್ಟ್ರ ಕಲಗಚ್ಚಿನ ನಿಷ್ಪತ್ತಿಗೆ ಕೈಮುಗಿಯುತ್ತೇನೆ. ಪದ ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಕಲಗಚ್ಚು ಕುಡಿದ ಹಸು ಹಾಲು ಕೊಡುತ್ತದೆ. ಅದರಲ್ಲಿ ಸಾರ ಇದೆ, ಅದಕ್ಕೇ ಬಾನಿಗೆ ಬೀಳುತ್ತದೆ. ಸ್ಲಾಪ್‌ನಲ್ಲಿ ಇಲ್ಲದಿರುವುದೇ ಆ ಸಾರ. ಇಂಗ್ಲಿಷಿನವರ ಮನಸ್ಸಿನಲ್ಲಿ ಹಂದಿ, ಕೆಸರು ಇದ್ದರೆ ಇರಲಿ, ಅವರ ಉಪಮೆಯನ್ನು ನಾವು ಹೊರಬೇಕಾಗಿಲ್ಲ. ವಸ್ತು ನೋಡಿ ಹೆಸರಿಡಬೇಕು.

ವಸ್ತು ಎಂಥದ್ದು? ನಿನ್ನೆ ನನ್ನ ಮೊಬೈಲಿಗೆ ಒಂದು ಶುಭಾಶಯ ಚಿತ್ರ ಬಂತು. ಬೆಳಕು ಚೆನ್ನಾಗಿದೆ, ಹೂವಿನ ಎಸಳು ಎಸಳೂ ಮಿಂಚುತ್ತಿದೆ. ಮೇಲುಗಡೆ ಚಿನ್ನದ ಬಣ್ಣದಲ್ಲಿ ಕನ್ನಡ ಬರಹ. ದೂರದಿಂದ ನೋಡಿದರೆ ಕನ್ನಡವೇ: ತಲೆಕಟ್ಟು ಇದೆ, ದುಂಡಗೆ ತಿರುಗಿಸಿದ್ದಾರೆ, ಕೆಳಗೆ ಒತ್ತಿನ ಹಾಗೆ ಏನೋ ಜೋತಾಡುತ್ತಿದೆ. ದೊಡ್ಡದು ಮಾಡಿ ಓದಲು ಹೋದೆ. ಮೊದಲನೆಯದು ‘ಶ’ ಅಂದುಕೊಂಡೆ, ಅಲ್ಲ. ಎರಡನೆಯದಕ್ಕೆ ಎರಡು ಕೊಂಬು. ಮೂರನೆಯದು ನಮ್ಮ ವರ್ಣಮಾಲೆಯಲ್ಲೇ ಇಲ್ಲ. ಎಂಟು ಆಕಾರಗಳಲ್ಲಿ ಒಂದೂ ಅಕ್ಷರವಲ್ಲ. ಕಳಿಸಿದವರು ಓದಿರಲಿಲ್ಲ, ನನಗಿಂತ ಮುಂಚೆ ಪಡೆದವರೂ ಓದಿರಲಿಲ್ಲ.

ಇದು ಹೊಲಸಲ್ಲ, ಕೆಸರಲ್ಲ. ನೋಡಲು ಅಚ್ಚುಕಟ್ಟಾಗಿದೆ. ಒಳಗೆ ಕಾಳಿಲ್ಲ, ಅಷ್ಟೇ. ಅದನ್ನೇ ಕನ್ನಡ ಜೊಳ್ಳು ಎನ್ನುವುದು. ಹೊಟ್ಟು ಬೇರೆ, ಜೊಳ್ಳು ಬೇರೆ: ಹೊಟ್ಟು ಎಂದರೆ ಕಾಳಿನಿಂದ ಬಿಡಿಸಿ ತೆಗೆದ ಸಿಪ್ಪೆ, ಅದರೊಳಗೆ ಒಮ್ಮೆ ಕಾಳು ಇತ್ತು. ಜೊಳ್ಳಿನಲ್ಲಿ ಕಾಳು ತುಂಬಲೇ ಇಲ್ಲ. ತೆನೆಯಲ್ಲಿ ಗಟ್ಟಿ ಕಾಳಿನ ಪಕ್ಕದಲ್ಲೇ, ಅದರದೇ ಬಣ್ಣ ಆಕಾರ ಹೊತ್ತು ಕೂತಿರುತ್ತದೆ. ಕಣ್ಣಿಗೆ ಗೊತ್ತಾಗದು, ಹಿಸುಕಿದರೆ ಗೊತ್ತಾಗುತ್ತದೆ, ತೂರಿದರೆ ಹಾರಿಹೋಗುತ್ತದೆ. ಈ ಭಾಷಾ ಯಂತ್ರಗಳು ಕೆಲಸ ಮಾಡುವ ಬಗೆಯೂ ಹೀಗೇ ಅಲ್ಲವೇ? ಇಲ್ಲಿಯವರೆಗಿನ ಮಾತಿನ ನಂತರ ಯಾವ ತುಣುಕು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಜೋಡಿಸುತ್ತ ಹೋಗುತ್ತವೆ. ಆಕಾರ ತಪ್ಪುವುದು ಕಡಿಮೆ. ಹೇಳಲಿಕ್ಕೆ ಏನಾದರೂ ಇದ್ದೇ ಬರೆಸಿದವರ ಬರಹದಲ್ಲಿ ಕಾಳು ಇರಬಹುದು, ಅದನ್ನು ನಾನು ಜೊಳ್ಳು ಎನ್ನುವುದಿಲ್ಲ. ಹೇಳಲಿಕ್ಕೆ ಏನೂ ಇಲ್ಲದವರು ದಿನಕ್ಕೆ ನೂರು ಬರೆಸಿದಾಗ ಬರುವುದು ಜೊಳ್ಳು.

ರಾಶಿಯ ಭಾವವೂ ಈ ಪದದಲ್ಲಿ ತಾನಾಗಿಯೇ ಇದೆ, ಬಿಡಿಯಾಗಿ ಯಾರೂ ಜೊಳ್ಳು ಎಣಿಸುವುದಿಲ್ಲ. 2023ರ ಫೆಬ್ರವರಿಯಲ್ಲಿ ಕ್ಲಾರ್ಕ್ಸ್‌ವರ್ಲ್ಡ್ ಎಂಬ ವೈಜ್ಞಾನಿಕ ಕಥಾಪತ್ರಿಕೆ ಹೊಸ ಕಥೆ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಯಂತ್ರ ಬರೆದ ಕಥೆಗಳು ಅಷ್ಟು ಬಂದು ಬಿದ್ದಿದ್ದವು. ಸಂಪಾದಕರ ಕಷ್ಟ ಕಥೆ ಕೆಟ್ಟದಾಗಿದ್ದದ್ದಲ್ಲ, ಕೆಟ್ಟ ಕಥೆ ಅವರು ಮುಂಚೆಯೂ ಓದುತ್ತಿದ್ದರು. ರಾಶಿಯಿಂದ ಕಾಳು ಬೇರೆ ಮಾಡಲು ಕೈ ಸಾಲದೇ ಹೋದದ್ದು ಕಷ್ಟ. ‘ಜೊಳ್ಳು ತೂರುವುದು’ ಎಂದು ಆ ಕೆಲಸಕ್ಕೂ ಹೆಸರು ಸಿದ್ಧವಾಗಿದೆ.

ಜೊಳ್ಳುಬರಹ, ಜೊಳ್ಳುಚಿತ್ರ, ಜೊಳ್ಳುವಿಡಿಯೊ. ಇಷ್ಟು ಸಾಕು ಅನ್ನಿಸುತ್ತದೆ.

— ಎಂ.

*

ಜೊಳ್ಳು ಅಲ್ಲ, ಪೊಳ್ಳು. ಟೊಳ್ಳು, ಪೊಳ್ಳು, ಜೊಳ್ಳು ಮೂರೂ ಅರ್ಥದಲ್ಲಿ ಒಂದೇ ಗುಂಪಿನವು, ಅವುಗಳಲ್ಲಿ ಪೊಳ್ಳೇ ಹಿರಿಯದು ಎಂದು ನನ್ನ ಎಣಿಕೆ. ತೆಲುಗಿನಲ್ಲಿ ಜೊಳ್ಳಿಗೆ ಇವತ್ತಿಗೂ ಪೊಲ್ಲು ಎನ್ನುತ್ತಾರೆ. ಹಿರಿಯ ರೂಪ ಇರುವಾಗ ಕಿರಿಯದಕ್ಕೆ ಕೈಹಾಕಬಾರದು.

ಜೊತೆಗೆ ‘ಜೊಳ್ಳುಚಿತ್ರ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ.

— ಕೆ.ಆರ್.

*

ಮೇಷ್ಟ್ರೇ, ವಯಸ್ಸು ನೋಡಿ ಪದ ಆರಿಸಿದರೆ ಕೆಲಸ ನಡೆಯುವುದಿಲ್ಲ. ಇವತ್ತಿನ ಬಳಕೆಯಲ್ಲಿ ಪೊಳ್ಳು ಎಂದರೆ ಸುಳ್ಳಿನ ಪಕ್ಕದ ಮನೆ. ಪೊಳ್ಳು ಭರವಸೆ, ಪೊಳ್ಳು ವಾದ. 2024ರ ಮೇನಲ್ಲಿ ಗೂಗಲ್‌ನ ಎಐ ಸಾರಾಂಶ, ಪಿಜ್ಜಾದಿಂದ ಚೀಸ್ ಜಾರದ ಹಾಗೆ ಸಾಸ್‌ಗೆ ಅಂಟು ಸೇರಿಸಿ ಎಂದು ಸಲಹೆ ಕೊಟ್ಟಿತಲ್ಲ, ಹನ್ನೊಂದು ವರ್ಷದ ಹಿಂದೆ ರೆಡಿಟ್ ಎಂಬ ಚರ್ಚೆಯ ಜಾಲತಾಣದಲ್ಲಿ ಯಾರೋ ತಮಾಷೆಗೆ ಬರೆದದ್ದನ್ನು ನಿಜವೆಂದು ಎತ್ತಿಕೊಂಡು, ಅದು ಪೊಳ್ಳು ಸಲಹೆ. ಅಲ್ಲಿ ತಪ್ಪು ಇದೆ. ಜೊಳ್ಳಿನಲ್ಲಿ ತಪ್ಪು ಕೂಡ ಇರಬೇಕಾಗಿಲ್ಲ. ‘ಬೆಳಗ್ಗೆ ಬೇಗ ಏಳುವುದರ ಹತ್ತು ಲಾಭಗಳು’ ಎಂಬ ಬರಹದ ಹತ್ತೂ ಅಂಶ ಸರಿಯಾಗಿಯೇ ಇದ್ದು ಇಡೀ ಬರಹ ಜೊಳ್ಳಾಗಿರಬಹುದು. ಎರಡು ಕಾಯಿಲೆ, ಎರಡು ಹೆಸರು ಇರಲಿ.

ಅರಿಸಮಾಸದ ಮಾತಿಗೆ: ಗಮಕ ಸಮಾಸಕ್ಕೂ ಕ್ರಿಯಾ ಸಮಾಸಕ್ಕೂ ವಿನಾಯಿತಿ ಇದೆ, ಇದು ಎರಡೂ ಅಲ್ಲ, ಒಪ್ಪಿದೆ. ಆದರೆ ಮಳೆಗಾಲ ನಮ್ಮ ಬಾಯಲ್ಲಿದೆ, ಲಾಠಿಪ್ರಹಾರ ದಿನಾ ಪತ್ರಿಕೆಯಲ್ಲಿದೆ. ಬಿಡಿಸಿ ‘ಜೊಳ್ಳು ಚಿತ್ರ’ ಎಂದು ಬರೆದರೆ ತಮಗೆ ನೆಮ್ಮದಿ ಆಗುವುದಾದರೆ ಹಾಗೇ ಬರೆಯೋಣ.

— ಎಂ.

*

ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದ ಹಾಗೆ ಎಂದು ಒಂಬತ್ತನೆಯ ಶತಮಾನದಲ್ಲೇ ಕವಿರಾಜಮಾರ್ಗ ಎಚ್ಚರಿಸಿದೆ. ನೆಮ್ಮದಿಯ ಪ್ರಶ್ನೆ ಅಲ್ಲ.

— ಕೆ.ಆರ್.

*

ಬೆರೆಯದೆ ಕನ್ನಡ ಯಾವತ್ತು ಇತ್ತು? ಆಸ್ಪತ್ರೆ, ಕಚೇರಿ, ತಾರೀಕು, ಚಾವಿ ತೆಗೆದುಹಾಕಿ ಒಂದು ದಿನ ಮಾತಾಡಿ ತೋರಿಸಿ ಮೇಷ್ಟ್ರೇ. ಸಂಸ್ಕೃತದ ತತ್ಸಮ, ಅಂದರೆ ರೂಪ ಬದಲಾಗದೆ ಬಂದ ಪದ, ಮುಟ್ಟದೆ ಇಡೀ ಕಾವ್ಯ ಬರೆದ ಆಂಡಯ್ಯನ ದಾರಿ ಹಿಡಿದವರೂ ಹೆಚ್ಚಿಲ್ಲ.

ಇನ್ನೊಂದು ಮಾತು. ಎರವಲು ಅಂದರೆ ಸೋಲು ಅಂತ ಈ ಬಳಗದಲ್ಲಿ ಎಲ್ಲರೂ ಮೊದಲೇ ಒಪ್ಪಿಕೊಂಡು ಕೂತಿದ್ದಾರೆ. ಟ್ರೋಲ್ ನೋಡಿ. ಗಾಳದ ದಾರವನ್ನು ನೀರಲ್ಲಿ ಎಳೆಯುತ್ತ ಹೋಗಿ ಮೀನು ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ಆ ಪದ, ಬೇಕೆಂದೇ ಕೆಣಕಿ ಜಗಳಕ್ಕೆ ಎಳೆಯುವವನು ಜಾಲದ ಟ್ರೋಲ್. ಕನ್ನಡಿಗರು ಏನು ಮಾಡಿದರು? ‘ಟ್ರೋಲ್ ಮಾಡಿದರು’ ಅಂದರೆ ನಮಗೆ ಎಲ್ಲರೂ ಸೇರಿ ಗೇಲಿ ಮಾಡಿದರು ಅಂತ. ಅರ್ಥವನ್ನೇ ತಿರುಗಿಸಿಕೊಂಡೆವು. ಮೀಮ್‌ನದೂ ಅದೇ ಕಥೆ. 1976ರಲ್ಲಿ ರಿಚರ್ಡ್ ಡಾಕಿನ್ಸ್ ಆ ಪದ ಕಟ್ಟಿದ್ದು ಅನುಕರಣೆಯಿಂದ ತಲೆಯಿಂದ ತಲೆಗೆ ದಾಟುವ ಸಂಸ್ಕೃತಿಯ ಯಾವುದೇ ತುಣುಕಿಗೆ, ಜೀನ್ ಜೊತೆ ಪ್ರಾಸವಾಗಲಿ ಅಂತ ಗ್ರೀಕಿನ ಮೂಲವನ್ನು ಮೊಟಕು ಮಾಡಿದ. ಇವತ್ತು ಮೀಮ್ ಅಂದರೆ ಮೇಲೆರಡು ಸಾಲು ಇರುವ ಚಿತ್ರ. ಬಂದ ಪದ ಬಂದ ಹಾಗೇ ಉಳಿಯುವುದಿಲ್ಲ. ಸ್ಲಾಪ್ ಕೂಡ ಬಂದು ನಮ್ಮದಾಗುತ್ತಿತ್ತು.

ಜೊಳ್ಳು ಕೆಟ್ಟ ಪದ ಅಲ್ಲ. ನನ್ನ ಹೆದರಿಕೆ ಬೇರೆ. ಲಕಾರ-ಳಕಾರ ಬೆರೆಸುವವರು ಈಗ ಬಹಳ. ‘ಎಐ ಜೊಲ್ಲು’ ಅಂತ ಓದಿಕೊಂಡರೆ?

— ಜಿ.

*

ಜೊಲ್ಲು ಎಂದು ಓದಿಕೊಂಡರೂ ತಾತ್ಸಾರ ಉಳಿಯುತ್ತದೆ, ಆದರೆ ಅರ್ಥ ಹೋಗುತ್ತದೆ. ಅದಕ್ಕೆ ಪದ ಬದಲಿಸುವುದಲ್ಲ, ಳ ಉಳಿಸಿಕೊಳ್ಳುವುದು ದಾರಿ. ಬೇರೆ ಭಾಷೆಯ ಎದುರು ಪದಗಳನ್ನು ಕಾಯುತ್ತೇವೆ, ಮನೆಯೊಳಗೆ ಅಕ್ಷರವನ್ನೇ ಬಿಟ್ಟುಕೊಡುತ್ತೇವೆ. ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

ಎರವಲಿನ ವಿಷಯದಲ್ಲಿ ಜಿ. ಅವರು ಹೇಳಿದ್ದು ಮುಕ್ಕಾಲು ಸರಿ. ಇಮೋಜಿಗೆ ನಾನು ಎಂದೂ ಪದ ಹುಡುಕಲಿಲ್ಲ. ಜಪಾನಿನವರದೇ ಪದ, ‘ಎ’ ಚಿತ್ರ, ‘ಮೊಜಿ’ ಅಕ್ಷರ, ಭಾವನೆಗೆ ಇಂಗ್ಲಿಷಿನಲ್ಲಿರುವ ಪದಕ್ಕೂ ಅದಕ್ಕೂ ನಂಟಿಲ್ಲ. ವಸ್ತು ಹೊಸದು, ಹೆಸರು ಅದರ ಜೊತೆ ಬಂತು, ಇರಲಿ. ಆದರೆ ಕಡತ, ಕೊಂಡಿ ಇವನ್ನೂ ನೆನೆಯಿರಿ. ಮಸಿ ಬಳಿದ ಬಟ್ಟೆಯ ಮಡಿಕೆ ಪುಸ್ತಕಕ್ಕೆ ಕಡತ ಎನ್ನುತ್ತಿದ್ದರು, ಬಳಪದಲ್ಲಿ ಬರೆಯುವಂಥದು. ಆ ಹೆಸರು ಇವತ್ತು ಫೈಲಿಗೆ ಬಂದು ಕೂತಿದೆ. ಸಿಕ್ಕಿಸುವ ಕೊಂಡಿ ಜಾಲದ ಲಿಂಕ್ ಆಯಿತು. ಎರಡನ್ನೂ ಯಾರೂ ಹೊಸದಾಗಿ ಕಟ್ಟಲಿಲ್ಲ, ಇದ್ದ ಪದಕ್ಕೆ ಹೊಸ ಕೆಲಸ ಕೊಟ್ಟರು. ಜೊಳ್ಳಿಗೂ ನಾನು ಕೇಳುತ್ತಿರುವುದು ಅಷ್ಟೇ. ಇವತ್ತಿನ ಮಕ್ಕಳು ತೂರುವುದನ್ನು ನೋಡಿರಲಿಕ್ಕಿಲ್ಲ. ಜೊಳ್ಳಿನ ಚಿತ್ರ ಹಂಚಿಕೊಂಡವನಿಗೆ ಯಾರಾದರೂ ‘ಇದು ಜೊಳ್ಳು ಮಾರಾಯ’ ಎಂದರೆ, ಪದ ಅಲ್ಲಿಂದ ಮತ್ತೆ ಬದುಕುತ್ತದೆ.

— ಎಂ.

*

ಯಂತ್ರೋಚ್ಛಿಷ್ಟವನ್ನು ಯಾರೂ ಸಕಾರಣವಾಗಿ ನಿರಾಕರಿಸಿಲ್ಲ ಎಂಬುದನ್ನು ದಾಖಲಿಸಬಯಸುತ್ತೇನೆ.

— ವೇ.

*

ಎಲ್ಲರಿಗೂ ಧನ್ಯವಾದ. ಕಳಿಸಿಬಿಟ್ಟೆ.

ತಲೆಬರಹಕ್ಕೆ ‘ಜೊಳ್ಳಿನ ಸುಗ್ಗಿ’ ಇಟ್ಟೆ. ಮೂಲದಲ್ಲಿ ಸುಗ್ಗಿಯ ಮಾತಿಲ್ಲ, ಆದರೆ ಜೊಳ್ಳು ಬಂದ ಮೇಲೆ ಅದು ತಾನಾಗಿ ಬಂತು. ಹನ್ನೊಂದರಲ್ಲಿ ಒಂಬತ್ತು ಕಡೆ ಜೊಳ್ಳು ಸಲೀಸಾಗಿ ಕೂತಿತು. ಕ್ರಿಯಾಪದ ಬೇಕಾದ ಒಂದು ಕಡೆ ‘ಜೊಳ್ಳು ಸುರಿಯುತ್ತಾರೆ’ ಎಂದು ಮಾಡಿದೆ. ಮೇಷ್ಟ್ರ ಕಲಗಚ್ಚನ್ನೂ ಬಿಡಲಿಲ್ಲ: ಯಂತ್ರದ ಬರಹವನ್ನೇ ತಿರುಗಿ ಯಂತ್ರಕ್ಕೆ ಉಣ್ಣಿಸಿ ಕಲಿಸುವ ಸಂಗತಿ ಒಂದು ಪ್ಯಾರಾದಲ್ಲಿ ಬರುತ್ತದೆ, ಅಲ್ಲಿ ಬಾನಿ, ಕಲಗಚ್ಚು ಎರಡೂ ಚೆನ್ನಾಗಿ ಹೊಂದಿದವು. ‘ಜೊಳ್ಳು ಚಿತ್ರ’ ಬಿಡಿಸಿಯೇ ಬರೆದಿದ್ದೇನೆ.

ಖಾಲಿ ಬಿಟ್ಟಿದ್ದ ಸಾಲು ಹೀಗಾಯಿತು: “ಕಳಿಸಿದವನ ಹತ್ತಿರ ಇದ್ದದ್ದು ಒಂದು ಕಾಳು, ಓದಿದವನಿಗೆ ಸಿಕ್ಕಿದ್ದೂ ಒಂದು ಕಾಳು. ನಡುವೆ ಒಂದು ಪುಟ ಜೊಳ್ಳು.”

ಕರಡು ನಾಳೆ ತಿದ್ದಲು ಬರುತ್ತದೆ. ಒಂಬತ್ತೂ ಕಡೆ ಳ, ಅದರ ಒತ್ತು ಎರಡನ್ನೂ ನಾನೇ ಕೂತು ನೋಡುತ್ತೇನೆ.

— ಎಸ್.ವಿ.