ಕ್ಯಾವಿಟಿಯಲ್ಲಿ ರಿಯಾಕ್ಷನ್ ನಿಧಾನವಾಯಿತು ಅನ್ನುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ಪಿಎಚ್‌ಡಿ ಮೊದಲ ವರ್ಷ ನನ್ನದು. ಎರಡು ಚಿನ್ನದ ಕನ್ನಡಿಗಳ ನಡುವೆ ಸುಮಾರು 10 ಮೈಕ್ರಾನ್ ಜಾಗದಲ್ಲಿ (ಇದೇ ಕ್ಯಾವಿಟಿ) ದ್ರಾವಣ ತುಂಬುತ್ತೇನೆ. ಕ್ಯಾವಿಟಿಯ ಮೋಡ್ (ಕನ್ನಡಿಗಳ ನಡುವೆ ನಿಲ್ಲುವ ಬೆಳಕಿನ ಆವರ್ತನ) ಅಣುವಿನ ಕಂಪನಕ್ಕೆ ಸರಿಯಾಗಿ ಕೂತಾಗ, ಅಂದರೆ ಆನ್ ರೆಸೊನೆನ್ಸ್ ಇದ್ದಾಗ, ಕನ್ನಡಿ ಇಲ್ಲದ ಸಾಮಾನ್ಯ ಸೆಲ್‌ಗಿಂತ (ದ್ರಾವಣ ಹಿಡಿಯುವ ಡಬ್ಬಿ) ರಿಯಾಕ್ಷನ್ ದರ ಅರ್ಧಕ್ಕೆ ಇಳಿದಂತೆ ಕಾಣುತ್ತಿದೆ. ಇದನ್ನು ನಂಬಬಹುದಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಉತ್ತರ 1: ಈಗಲೇ ನಂಬಬೇಡಿ. ಮೊದಲು ದಪ್ಪ ನೋಡಿ. 10 ಮೈಕ್ರಾನ್‌ನಲ್ಲಿ 100 ನ್ಯಾನೋಮೀಟರ್ ಹೆಚ್ಚುಕಮ್ಮಿ ಆದರೂ ಸಾಕು, 2000 ವೇವ್‌ನಂಬರ್ (ಇನ್ಫ್ರಾರೆಡ್ ಬೆಳಕಿನ ಆವರ್ತನದ ಅಳತೆ) ಹತ್ತಿರದ ಮೋಡ್ 20 ವೇವ್‌ನಂಬರ್ ಜರುಗಿಬಿಡುತ್ತದೆ. ನಾಲ್ಕು ಸ್ಕ್ರೂ ಒಂದೇ ಸಮ ಬಿಗಿಯಾಗದಿದ್ದರೆ ಸೆಲ್‌ನ ಒಂದು ಮೂಲೆ ತೆಳು, ಇನ್ನೊಂದು ದಪ್ಪ. ಎಫ್‌ಟಿಐಆರ್ (ಇನ್ಫ್ರಾರೆಡ್ ಸ್ಪೆಕ್ಟ್ರಮ್ ಅಳೆಯುವ ಉಪಕರಣ) ಬೀಮ್ ಎಲ್ಲವನ್ನೂ ಸೇರಿಸಿ ಒಂದೇ ಸ್ಪೆಕ್ಟ್ರಮ್ ಕೊಡುತ್ತದೆ. ಅದರಲ್ಲಿ ಆನ್ ರೆಸೊನೆನ್ಸ್ ಭಾಗ ಎಷ್ಟು, ಆಫ್ ಎಷ್ಟು ಅಂತ ಗೊತ್ತೇ ಆಗುವುದಿಲ್ಲ. ಬೀಮ್‌ಗೆ ಸಣ್ಣ ಅಪರ್ಚರ್ (ತೂತು) ಇಟ್ಟು ನಾಲ್ಕಾರು ಕಡೆ ಅಳೆಯಿರಿ.

ಮೋಡ್ ಜರುಗುವುದನ್ನು ನೋಡಿ ದರ ತೆಗೆಯುತ್ತಿದ್ದರೆ ಇನ್ನೂ ಹುಷಾರಾಗಿರಿ. ರಿಯಾಕ್ಷನ್‌ನಿಂದ ದ್ರಾವಣದ ರಿಫ್ರಾಕ್ಟಿವ್ ಇಂಡೆಕ್ಸ್ (ವಕ್ರೀಭವನ ಸೂಚ್ಯಂಕ) ಬದಲಾದರೂ ಮೋಡ್ ಜರುಗುತ್ತದೆ, ಕನ್ನಡಿಗಳ ನಡುವಿನ ಸ್ಪೇಸರ್ ಉಬ್ಬಿದರೂ ಜರುಗುತ್ತದೆ. ನಮ್ಮ ಲ್ಯಾಬಿನಲ್ಲಿ ಬರೀ ಸಾಲ್ವೆಂಟ್ ತುಂಬಿ, ರಿಯಾಕ್ಷನ್‌ಗೆ ಬೇಕಾಗುವಷ್ಟೇ ಹೊತ್ತು ಸುಮ್ನೆ ಬಿಟ್ಟು ನೋಡುತ್ತೇವೆ. ಆಗಲೂ ಮೋಡ್ ಜರುಗಿದರೆ ಆ ಸೆಲ್ ಪಕ್ಕಕ್ಕೆ.

ಮುಖ್ಯ ಮಾತು: ನಿಮ್ಮ ಹೋಲಿಕೆ ಸಾಮಾನ್ಯ ಸೆಲ್ ಜೊತೆ ಇದೆ. ಅದು ಸಾಲದು. ಅದೇ ಕನ್ನಡಿ, ಅದೇ ಕೋಟಿಂಗ್, ಅದೇ ಬ್ಯಾಚಿನ ದ್ರಾವಣ ಇಟ್ಟುಕೊಂಡು ದಪ್ಪ ಮಾತ್ರ ಬದಲಿಸಿ. ಎಲ್ಲ ದಪ್ಪಕ್ಕೂ ದರ ಅರ್ಧವೇ ಇದ್ದರೆ, ಅದಕ್ಕೆ ಕಾರಣ ಕಪ್ಲಿಂಗ್ (ಮೋಡ್ ಮತ್ತು ಅಣುವಿನ ಕಂಪನ ಬೆಸೆದುಕೊಳ್ಳುವುದು) ಅಲ್ಲ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ನಾನು ಬಿಸಿಯ ಬಗ್ಗೆ ಸೇರಿಸುತ್ತೇನೆ. ಆಕ್ಟಿವೇಶನ್ ಎನರ್ಜಿ (ರಿಯಾಕ್ಷನ್ ಶುರುವಾಗಲು ಬೇಕಾದ ಶಕ್ತಿ) ಮೋಲ್‌ಗೆ 50 ಕಿಲೋಜೌಲ್ ಇದ್ದರೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ದರ ಸುಮಾರು 7% ಬದಲಾಗುತ್ತದೆ. ನಿಮ್ಮ ಅರ್ಧಕ್ಕೆ ಇದೊಂದೇ ಕಾರಣ ಇರಲಾರದು, ಆದರೆ 20% ಇಳಿಕೆಯನ್ನು ಮೂರು ಡಿಗ್ರಿಯೇ ತೋರಿಸಿಬಿಡುತ್ತದೆ. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಅನ್ನು ಹೋಲ್ಡರಿಗಲ್ಲ, ಸೆಲ್‌ನ ಕಿಟಕಿಗೇ ತಾಗಿಸಿ. ಇನ್ನೊಂದು: ಕನ್ನಡಿಯ ಮೇಲಿನ ಸಿಲಿಕಾ ಪದರದಲ್ಲಿ ಸಣ್ಣ ತೂತಿದ್ದರೂ ದ್ರಾವಣ ಚಿನ್ನಕ್ಕೆ ತಾಗುತ್ತದೆ. ಚಿನ್ನ ಇದ್ದು ಕ್ಯಾವಿಟಿ ಇಲ್ಲದಾಗ ಏನಾಗುತ್ತದೆ ಅಂತ ತಿಳಿಯಲು, ಒಂದೇ ಕನ್ನಡಿ ಇರುವ ಸೆಲ್ ಕೂಡ ಮಾಡಿ ನೋಡಿ.

ಉತ್ತರ 3: ಈ ಕ್ಷೇತ್ರದ ಕಥೆ ಗೊತ್ತಿದ್ದರೆ ಧೈರ್ಯ ಬರುತ್ತದೆ. 2016ರಲ್ಲಿ ಸ್ಟ್ರಾಸ್‌ಬರ್ಗ್‌ನ ಎಬ್ಬೆಸೆನ್ ತಂಡ, ಸಿಲಿಕಾನ್-ಕಾರ್ಬನ್ ಬಾಂಡ್ ಮುರಿಯುವ ರಿಯಾಕ್ಷನ್ ಕ್ಯಾವಿಟಿಯಲ್ಲಿ 5.5 ಪಟ್ಟಿನವರೆಗೂ ನಿಧಾನವಾಗುತ್ತದೆ ಎಂದಿತು. 2021ರಲ್ಲಿ ಅಮೆರಿಕದ ಎರಡು ಗುಂಪುಗಳು, ಕ್ಯಾವಿಟಿಯಲ್ಲಿ ಹೈಡ್ರಾಲಿಸಿಸ್ (ನೀರಿನಿಂದ ಅಣು ಒಡೆಯುವುದು) ವೇಗವಾಗುತ್ತದೆ ಎಂಬ ಬೇರೆ ವರದಿಗಳನ್ನು ಮತ್ತೆ ಮಾಡಿ ನೋಡಿದವು. ಹೇಳುವಂಥ ಬದಲಾವಣೆ ಸಿಗಲಿಲ್ಲ. 2023ರಲ್ಲಿ ಸಿಂಪ್‌ಕಿನ್ಸ್ ಮತ್ತು ಜೊತೆಗಾರರು ಯುರೆಥೇನ್ ರಿಯಾಕ್ಷನ್‌ನಲ್ಲಿ ಮತ್ತೆ ಇಳಿಕೆ ಕಂಡರು. ಮುಂದಿನ ವರ್ಷ ಅದೇ ಸಿಂಪ್‌ಕಿನ್ಸ್, ಕ್ಯಾವಿಟಿ ದಪ್ಪ ಸಮವಿಲ್ಲದಿದ್ದರೆ ದರದ ಲೆಕ್ಕ ಹೇಗೆ ಕೆಡುತ್ತದೆ ಅಂತಲೂ ಬರೆದರು. ಇಂಥ ಪೇಪರ್‌ಗಳ ಬಗ್ಗೆ ನನಗೆ ತುಂಬಾ ಗೌರವ.

ನೀವು ಯುವಿ ಬೆಳಕಿನಿಂದ ಅಳೆಯುತ್ತಿದ್ದರೆ ಸ್ಪೈರೋಪೈರಾನ್ (ಯುವಿ ಬೆಳಕಿಗೆ ರೂಪ ಬದಲಿಸುವ ಅಣು) ವಿಷಯವನ್ನೂ ಓದಿ. 2012ರಲ್ಲಿ ಸ್ಟ್ರಾಂಗ್ ಕಪ್ಲಿಂಗ್‌ನಿಂದ ಅದರ ರೂಪಾಂತರ ನಿಧಾನವಾಗುತ್ತದೆ ಎಂದು ವರದಿಯಾಗಿತ್ತು. ಅಂಥದ್ದೇ ಪ್ರಯೋಗವನ್ನು ಬ್ರಿಟನ್ನಿನ ತಂಡವೊಂದು 2024ರಲ್ಲಿ ಬಿಡಿಸಿ ನೋಡಿತು. ಕ್ಯಾವಿಟಿಯ ದಪ್ಪ ಬದಲಾದರೆ, ರಿಯಾಕ್ಷನ್ ನಡೆಸುವ ಯುವಿ ಬೆಳಕು ಅಣುವಿಗೆ ಸಿಗುವ ಪ್ರಮಾಣವೇ ಬದಲಾಗುತ್ತದೆ. ಅವರು ಕಂಡ ದರದ ವ್ಯತ್ಯಾಸ ಅದರಿಂದ ಬಂದದ್ದು.

ಕೊನೆಗೊಂದು: ಸೆಲ್‌ಗಳಿಗೆ ಬರೀ ಕೋಡ್ ನಂಬರ್ ಹಾಕಿ, ಡೇಟಾದಿಂದ ದರ ತೆಗೆಯುವ (ಫಿಟ್ ಮಾಡುವ) ಕೆಲಸ ಲ್ಯಾಬ್‌ಮೇಟ್‌ಗೆ ಕೊಡಿ. ಯಾವುದು ಆನ್, ಯಾವುದು ಆಫ್ ರೆಸೊನೆನ್ಸ್ ಅಂತ ಅವರಿಗೆ ಹೇಳಬೇಡಿ. ಬೇಸ್‌ಲೈನ್ ಎಲ್ಲಿ ಎಳೆಯಬೇಕು ಅನ್ನುವಾಗ ಕೈ ತಾನಾಗಿಯೇ ವಾಲುತ್ತದೆ, ಅಲ್ವಾ?