ಸಹಾಯ ಬೇಕು: ಹುಳು ಮನೆಯ ಸೋಲಾರ್ ಫ್ಯಾನ್ ರಾತ್ರಿಯೂ ಓಡಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ. ರೇಷ್ಮೆ ಹುಳು ಮನೆಗೆ 12 ವೋಲ್ಟ್, 30 ವ್ಯಾಟಿನ ಡಿಸಿ ಎಕ್ಸಾಸ್ಟ್ ಫ್ಯಾನ್ ಹಾಕಿ, 40 ವ್ಯಾಟಿನ ಪ್ಯಾನಲ್‌ಗೆ ನೇರ ಜೋಡಿಸಿದ್ದೇವೆ. ಮಧ್ಯಾಹ್ನ ಜೋರಾಗಿ ತಿರುಗುತ್ತದೆ, ಮೋಡ ಬಂದರೆ ನಿಂತೇ ಹೋಗುತ್ತದೆ. ಬೆಳಕು ಕಡಿಮೆಯಾದರೆ ಕರೆಂಟೂ ಕಡಿಮೆ. ನಿಂತ ಮೋಟರು ಮತ್ತೆ ಹೊರಡಲು ಮಾತ್ರ ಜಾಸ್ತಿ ಕರೆಂಟ್ ಕೇಳುತ್ತದೆ, ಅಲ್ವಾ?

ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ರಾತ್ರಿಯೂ ಗಾಳಿ ಆಡಲೇಬೇಕು. ಫ್ಯಾನಿನಿಂದ ಗಾಳಿ ತಣ್ಣಗಾಗುವುದಿಲ್ಲ, ಗೊತ್ತು. ಸೊಪ್ಪಿನ ತೇವ ಹೊರಗೆ ಹೋದರೆ ಸಾಕು.

ನನ್ನ ಲೆಕ್ಕ ಹೀಗಿದೆ. 30 ವ್ಯಾಟ್, 8 ಗಂಟೆ ಅಂದರೆ 240 ವ್ಯಾಟ್-ಅವರ್. 12 ವೋಲ್ಟಿಗೆ 20 ಆಂಪಿಯರ್-ಅವರ್. ಲೆಡ್ ಆಸಿಡ್ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳು, ಹಾಗಾಗಿ 40 ಬೇಕು. ಆದರೆ ಈ ಪ್ಯಾನಲ್ ಒಳ್ಳೆಯ ಬಿಸಿಲಿದ್ದರೂ ದಿನಕ್ಕೆ 200 ವ್ಯಾಟ್-ಅವರ್ ಕೊಡುವುದೇ ಕಷ್ಟ. ಹಗಲಿನ ಓಟವೂ ಅದರಲ್ಲೇ ಆಗಬೇಕು.

ಅಂಗಡಿಯವರು ಇನ್ವರ್ಟರ್ ಇಟ್ಟು 75 ವ್ಯಾಟಿನ ಹಳೇ ಸೀಲಿಂಗ್ ಫ್ಯಾನ್ ಓಡಿಸಿ ಅನ್ನುತ್ತಾರೆ. ಡಿಸಿಯನ್ನು ಎಸಿ ಮಾಡುವಾಗ ಸುಮ್ನೆ ಬಿಸಿಯಾಗಿ ಹೋಗುವುದು ಬೇರೆ. ನನಗಂತೂ ಒಪ್ಪಿಗೆಯಿಲ್ಲ.

ಪ್ಯಾನಲ್ 100 ವ್ಯಾಟ್ ಸಾಕಾ, 150 ಬೇಕಾ? ಲಿಥಿಯಂ ಬ್ಯಾಟರಿಗೆ ಚಾರ್ಜ್ ಕಂಟ್ರೋಲರ್ ಬೇರೆ ಬೇಕಾ? ಚಿಂತಾಮಣಿ, ಕೋಲಾರ ಕಡೆ ಹುಳು ಮನೆಯಲ್ಲಿ ಹಾಕಿಸಿದವರಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಚಾಕಿ (ಮರಿ ಹುಳು) ತರುವ ಮೊದಲು ಮುಗಿಸಬೇಕು.